ಬೇತಾಳ ಕಲಿಸಿದ ತೆಲುಗು

ಮಾನ್ಯರೇ,

ಬಿ. ನಾಗಿರೆಡ್ಡಿ ಎಂದರೆ ಇಲ್ಲಿನ ಹುಡುಗರಿಗೆ ಹಳೆಯ ಸಿನಿಮಾ ನಿರ್ಮಾಪಕ, ಅಷ್ಟೇ. ಕಡಪ ಜಿಲ್ಲೆಯಲ್ಲಿ 1912ರಲ್ಲಿ ಹುಟ್ಟಿದ ಅವರು ಮದರಾಸಿನಲ್ಲಿ ಮುದ್ರಣಾಲಯ ನಡೆಸುತ್ತ, ಗೆಳೆಯ ಚಕ್ರಪಾಣಿಯವರ ಜೊತೆ 1947ರ ಜುಲೈನಲ್ಲಿ ತೆಲುಗು, ತಮಿಳಿನಲ್ಲಿ ಮಕ್ಕಳ ಪತ್ರಿಕೆ ‘ಚಂದಮಾಮ’ ಶುರು ಮಾಡಿದರು. ಎರಡೇ ವರ್ಷಕ್ಕೆ ಕನ್ನಡಕ್ಕೂ ತಂದರು. ಅದೇ ಕಥೆ, ಅವೇ ಚಿತ್ರ, ಭಾಷೆ ಮಾತ್ರ ಬೇರೆ.

ಆಂಧ್ರದ ಗಡಿಯೂರು ಮಡಕಶಿರಾದಲ್ಲಿ ನಾನು ಕನ್ನಡದ್ದು, ಪಕ್ಕದ ಮನೆಯ ಗೆಳೆಯ ತೆಲುಗಿನದ್ದು ಹಿಡಿದು ಜಗಲಿಯಲ್ಲಿ ಕೂತು ಒಬ್ಬರ ಲಿಪಿ ಒಬ್ಬರು ಕಲಿತೆವು. (ಮೇಷ್ಟ್ರ ಕೈಲಾಗದ್ದನ್ನು ‘ಚಂದಮಾಮ’ದ ವಿಕ್ರಮ-ಬೇತಾಳ ಕಥೆಗಳ ಬೇತಾಳ ಮಾಡಿದ!)

ಈಗ ನಾನು ಹೋಗುವ ಗ್ರಂಥಾಲಯಕ್ಕೆ ಕನ್ನಡದ ಒಂದು ಮಕ್ಕಳ ಪತ್ರಿಕೆಯೂ ಬರುವುದಿಲ್ಲ. ಒಂದನ್ನಾದರೂ ತರಿಸಲಿ. ನನ್ನಲ್ಲಿರುವ ಹಳೆಯ ಸಂಚಿಕೆಗಳನ್ನು ಕೊಡುತ್ತೇನೆ. ರಟ್ಟು ಹಾಕಿಸುವ ಖರ್ಚು ಅವರದು.

– ಹಿರಿಯ ಓದುಗ, ಮಡಕಶಿರಾ