ನೀನು ತೆಗೆದುಹಾಕಿದ ಸಾಲುಗಳ ಬಗ್ಗೆ

ಪ್ರೀತಿಯ ಮಗಳೇ,

ನಿನ್ನೆ ರಾತ್ರಿ ಮಾತಿಗೆ ಮಾತು ಬೆಳೆದು ನೀನು ಫೋನ್ ಇಟ್ಟ ಮೇಲೆ ಮತ್ತೆ ಕರೆ ಮಾಡುವ ಮನಸ್ಸಾಗಲಿಲ್ಲ. ಮಾಡಿದ್ದರೆ ಇಬ್ಬರೂ ಅದನ್ನೇ ಇನ್ನಷ್ಟು ದೊಡ್ಡ ದನಿಯಲ್ಲಿ ಹೇಳುತ್ತಿದ್ದೆವು. ನೀನು ‘ಲೈಸಿಸ್ಟ್ರಾಟಾ’ವನ್ನು, ಯುದ್ಧ ನಿಲ್ಲುವ ತನಕ ಗಂಡಂದಿರ ಮಗ್ಗುಲಿಗೆ ಹೋಗುವುದಿಲ್ಲ ಎಂದು ಹೆಂಗಸರು ಹಟ ಹಿಡಿಯುವ ಆ ಹಳೆಯ ಗ್ರೀಕ್ ನಗೆನಾಟಕವನ್ನು, ಕನ್ನಡಕ್ಕೆ ತಂದು ಆಡಿಸುತ್ತಿರುವುದಕ್ಕೆ ನನ್ನ ಯಾವ ತಕರಾರೂ ಇಲ್ಲ. ಅದರ ಪೋಲಿ ಮಾತುಗಳದ್ದು ನಿನ್ನ ಅಪ್ಪನ ತಕರಾರು, ಅವರನ್ನು ನಾನು ನೋಡಿಕೊಳ್ಳುತ್ತೇನೆ. ನನಗೆ ನೋವಾದದ್ದು ನಡುವಿನ ಕೆಲವು ಸಾಲುಗಳನ್ನು ನೀನು ತೆಗೆದುಹಾಕಿದ್ದಕ್ಕೆ, ಅದಕ್ಕಿಂತ ಹೆಚ್ಚಾಗಿ ತೆಗೆದುದಕ್ಕೆ ಕೊಟ್ಟ ಕಾರಣಕ್ಕೆ. “ಚಿಕ್ಕಮ್ಮ ನಾಟಕಕ್ಕೆ ಬರುತ್ತಾಳಲ್ಲ, ಅದಕ್ಕೇ” ಎಂದೆ.

ಇತಿಹಾಸ ಪಾಠ ಮಾಡಿದವಳ ಚಾಳಿ ಇದು, ಸಹಿಸಿಕೋ. ಈ ನಾಟಕ ಅಥೆನ್ಸಿನ ರಂಗಕ್ಕೆ ಬಂದದ್ದು ಕ್ರಿ.ಪೂ. 411ರಲ್ಲಿ, ಸ್ಪಾರ್ಟಾದ ಜೊತೆ ಯುದ್ಧ ನಡೆಯುತ್ತಿರುವಾಗಲೇ. ಅದಕ್ಕೆ ಎರಡು ವರ್ಷ ಮೊದಲು ಸಿಸಿಲಿಯ ಮೇಲೆ ದಂಡೆತ್ತಿ ಹೋಗಿದ್ದ ಅಥೆನ್ಸಿನ ಸೇನೆ ಸಿರಾಕ್ಯೂಸಿನ ಬಳಿ ನಿರ್ನಾಮವಾಗಿತ್ತು. ಸೆರೆಸಿಕ್ಕವರು 7,000ಕ್ಕೆ ಕಡಿಮೆಯಿರಲಿಲ್ಲ ಎಂದು ಆ ಕಾಲದ ಇತಿಹಾಸಕಾರ ಥುಸಿಡಿಡೀಸ್ ಬರೆಯುತ್ತಾನೆ. ಅವರನ್ನು ಕಲ್ಲುಗಣಿಗಳೊಳಗೆ ಕೂಡಿಹಾಕಿ, ತಿಂಗಳುಗಟ್ಟಲೆ ದಿನಕ್ಕೊಂದು ಬಟ್ಟಲು ನೀರು, ಎರಡು ಬಟ್ಟಲು ಧಾನ್ಯ ಕೊಟ್ಟರಂತೆ. ಮನೆ ಸೇರಿದವರು ಕೆಲವೇ ಮಂದಿ. ನಾಟಕ ಬರೆದ ಅರಿಸ್ಟೋಫನೀಸ್ ನಗಿಸಬೇಕಾಗಿದ್ದದ್ದು ಅಂಥ ಮನೆಗಳಿಂದ ಎದ್ದು ಬಂದ ಜನರನ್ನು.

ಈಗ ನಿನ್ನ ಆ ದೃಶ್ಯಕ್ಕೆ ಬರುತ್ತೇನೆ. ಸಿಸಿಲಿಯ ಸೋಲಿನ ನಂತರ ನೇಮಕವಾದ ಹತ್ತು ಮಂದಿ ಹಿರಿಯರಲ್ಲೊಬ್ಬ ಹಡಗಿನ ಹುಟ್ಟುಗಳ ಖರ್ಚಿಗೆ ಹಣ ಒಯ್ಯಲು ಊರಿನ ಬೊಕ್ಕಸವಿರುವ ಅಕ್ರೋಪೊಲಿಸ್ ಗುಡ್ಡಕ್ಕೆ ಬರುತ್ತಾನೆ. ಯುದ್ಧಕ್ಕೆ ಹಣ ಸಿಗದಿರಲೆಂದು ಬೊಕ್ಕಸ ಹೆಂಗಸರ ವಶದಲ್ಲಿದೆ, ಬಾಗಿಲು ಹಾಕಿದೆ. ಬಂದವನು ಮೊದಲು ಮಾಡುವ ಕೆಲಸ ಹೆಂಗಸರನ್ನು ದೂರುವುದು: ಸಿಸಿಲಿಗೆ ಹಡಗು ಕಳಿಸುವ ಮಾತು ಸಭೆಯಲ್ಲಿ ನಡೆಯುತ್ತಿದ್ದಾಗ ಇವರು ಮಾಳಿಗೆಯ ಮೇಲೆ ನಿಂತು ಪುರಾಣದಲ್ಲಿ ಹರೆಯದಲ್ಲೇ ಸತ್ತ ಅಡೋನಿಸನಿಗಾಗಿ ಗೋಳಿಡುತ್ತಿದ್ದರಂತೆ, ಅಪಶಕುನದ ಹಾಗೆ. ಅಂದರೆ ಸಿಸಿಲಿಯ ಹೆಸರನ್ನು ಅವನೇ ಎತ್ತುತ್ತಾನೆ, ಹೆಂಗಸರ ಮೇಲೆ ಹೊರಿಸುವುದಕ್ಕೆ. ಆಮೇಲೆ, ಸಿಕ್ಕುಗಟ್ಟಿದ ಉಣ್ಣೆಯನ್ನು ಬಿಡಿಸುವಂತೆ ಊರಿನ ಸಿಕ್ಕನ್ನೂ ಬಿಡಿಸಬಹುದು ಎಂದು ಹೆಂಗಸರ ಮುಂದಾಳು ಲೈಸಿಸ್ಟ್ರಾಟಾ ವಿವರಿಸುವಾಗ ಯುದ್ಧಕ್ಕೂ ನಿಮಗೂ ಏನು ಸಂಬಂಧ ಎಂದು ಹೀಯಾಳಿಸುತ್ತಾನೆ. ಅವಳು ಹೇಳುತ್ತಾಳೆ: ಈ ಭಾರವನ್ನು ನಾವು ಹೊರುವುದು ಇಮ್ಮಡಿಗೂ ಹೆಚ್ಚು, ಮೊದಲು ಹೆರುತ್ತೇವೆ, ಹೆತ್ತವರನ್ನು ಸೈನಿಕರನ್ನಾಗಿ ಕಳಿಸುತ್ತೇವೆ. ಅಲ್ಲಿಗೇ ಅವನು ಬಾಯಿ ಮುಚ್ಚಿಸುತ್ತಾನೆ: ಸುಮ್ಮನಿರು, ಆದ ಕೇಡನ್ನು ಕೆದಕಬೇಡ.

ದೂರುವುದಕ್ಕಾದರೆ ಸಿಸಿಲಿ ಇರಬಹುದು, ದುಃಖಿಸುವುದಕ್ಕೆ ಇರಬಾರದು. ಇಡೀ ನಾಟಕದಲ್ಲಿ ಯಾವುದಕ್ಕೂ ನಾಚದ ಕವಿ ಇಲ್ಲಿ ಒಂದು ಕ್ಷಣ ನಗುವನ್ನು ತಡೆದು ನಿಲ್ಲಿಸಿದ್ದಾನೆ, ಮತ್ತು ಸುಮ್ಮನಿರು ಎಂಬ ಮಾತನ್ನು ಅಧಿಕಾರಿಯ ಬಾಯಲ್ಲಿಟ್ಟಿದ್ದಾನೆ. ಆ ಮಾತಿಗೆ ಜಗ್ಗದೆ ಅವಳು ಮುಂದುವರಿಸುತ್ತಾಳಲ್ಲ, ಆ ಸಾಲುಗಳನ್ನು ನೀನು ತೆಗೆದೆ. ನಮ್ಮ ಪಾಡು ಹಾಗಿರಲಿ, ಕೋಣೆಗಳಲ್ಲೇ ಮುದುಕಿಯರಾಗುತ್ತಿರುವ ಹುಡುಗಿಯರನ್ನು ನೆನೆದರೆ ಸಂಕಟವಾಗುತ್ತದೆ ಎನ್ನುತ್ತಾಳೆ. ಗಂಡಸರಿಗೂ ವಯಸ್ಸಾಗುವುದಿಲ್ಲವೇ ಎಂದು ಅವನು ಕೇಳುತ್ತಾನೆ. ಗಂಡಸು ತಲೆ ನರೆತು ಬಂದರೂ ಎಳೆಯ ಹುಡುಗಿಯನ್ನು ಮದುವೆಯಾಗುತ್ತಾನೆ, ಹೆಣ್ಣಿನ ಕಾಲ ಚಿಕ್ಕದು, ಅದು ಜಾರಿದರೆ ಶಕುನ ನೋಡುತ್ತಾ ಕೂರುವುದಷ್ಟೇ ಅವಳಿಗೆ ಉಳಿಯುತ್ತದೆ ಎಂಬುದು ಉತ್ತರ.

1987ರಲ್ಲಿ ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆಯ ಸಂಗತಿ, ಆ ವರ್ಷ ನಮ್ಮ ಮನೆಯಲ್ಲಿ ನಿಂತುಹೋದ ಮದುವೆಯ ಸಂಗತಿ ನಿನಗೆ ಗೊತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ನಿನಗೆ ಗೊತ್ತಿಲ್ಲದ್ದು ಒಂದಿದೆ. ಸುದ್ದಿ ಖಚಿತವಾಗಿ ಎಷ್ಟೋ ಕಾಲವಾದ ಮೇಲೂ ನಿನ್ನ ಚಿಕ್ಕಮ್ಮ ಭಾನುವಾರದ ಪತ್ರಿಕೆ ಬಂದ ಕೂಡಲೇ ವಾರಭವಿಷ್ಯದ ಪುಟ ತೆಗೆಯುತ್ತಿದ್ದಳು, ಮತ್ತು ತನ್ನ ರಾಶಿಯನ್ನಲ್ಲ, ಅವರ ರಾಶಿಯನ್ನು ಓದುತ್ತಿದ್ದಳು. ಒಮ್ಮೆ ಅಲ್ಲಿ ‘ದೂರ ಪ್ರಯಾಣ, ಬಂಧುಗಳ ಭೇಟಿ’ ಎಂದಿತ್ತು. ಅವಳು ಪತ್ರಿಕೆಯನ್ನು ನೀಟಾಗಿ ಮಡಚಿಟ್ಟು ಕಾಫಿ ಮಾಡಲು ಒಳಗೆ ಹೋದಳು. ನಮ್ಮಮ್ಮ, ಅಪ್ಪ, ನಾನು, ಎಲ್ಲರೂ ಅವಳ ಮುಂದೆ ಆ ವಿಷಯ ಎತ್ತದಿರುವುದನ್ನೇ ಪ್ರೀತಿ ಎಂದುಕೊಂಡೆವು. ನಿನ್ನದೂ ಅದೇ ಬಗೆಯ ಪ್ರೀತಿ ಎಂಬುದನ್ನು ಬಲ್ಲೆ, ಅದಕ್ಕೇ ಭಯವಾಗುತ್ತದೆ. ಆ ಅಧಿಕಾರಿಯ ಮಾತನ್ನು ಅವನಿಗಿಂತ ಮೃದುವಾಗಿ ಆಡಿದರೂ ಅದು ಅದೇ ಮಾತು.

ನಮ್ಮ ಕಾಲದವರಿಗೆ ಗ್ರೀಕ್ ನಾಟಕವೆಂದರೆ ಬಿ.ಎಂ.ಶ್ರೀಯವರ ‘ಅಶ್ವತ್ಥಾಮನ್’, ‘ಪಾರಸಿಕರು’, ಆ ಗಾಂಭೀರ್ಯ. ನೀನು ನಗೆನಾಟಕವನ್ನು ಆರಿಸಿಕೊಂಡಾಗ ನನಗೆ ಹೆಮ್ಮೆಯಾಗಿತ್ತು. ಹೇಳಲು ತಡವಾಯಿತು, ಕ್ಷಮಿಸು. ಆದರೆ ಹೆಮ್ಮೆಯಿದೆಯೆಂದು ಎಲ್ಲವನ್ನೂ ಒಪ್ಪಲಾರೆ. ಇದು ಹೆಂಗಸರ ಗೆಲುವಿನ ನಾಟಕ ಎಂದು ನಿನ್ನ ಕರಪತ್ರದಲ್ಲಿ ಬರೆದಿದ್ದೀಯ. ಕೊನೆಯಲ್ಲಿ ಸಂಧಾನ ಎಂಬವಳನ್ನು ಬೆತ್ತಲೆ ಹುಡುಗಿಯಾಗಿ ನಿಲ್ಲಿಸಿ, ಸ್ಪಾರ್ಟಾದವರೂ ಅಥೆನ್ಸಿನವರೂ ಅವಳ ಮೈಯನ್ನೇ ನಕ್ಷೆ ಮಾಡಿಕೊಂಡು ಇದು ನಮಗೆ, ಅದು ನಿಮಗೆ ಎಂದು ಹಂಚಿಕೊಳ್ಳುತ್ತಾರೆ. ಬರೆದವನು ಗಂಡಸು, ಮುಖವಾಡ ತೊಟ್ಟು ಹೆಂಗಸರಾಗಿ ಆಡಿದವರೂ ಗಂಡಸರು. ಹೆಂಗಸರು ಊರನ್ನು ಆಳುವುದೇ ಅವರಿಗೆ ಒಂದು ನಗೆಯ ವಿಷಯವಾಗಿತ್ತು. ನಾಟಕವಾದ ಕೆಲವೇ ತಿಂಗಳಲ್ಲಿ ಪ್ರಜಾಪ್ರಭುತ್ವವನ್ನು ನಾನೂರು ಮಂದಿ ಕಿತ್ತುಹಾಕಿದರು, ಯುದ್ಧವಂತೂ ಅಥೆನ್ಸ್ ಕ್ರಿ.ಪೂ. 404ರಲ್ಲಿ ಶರಣಾಗುವ ತನಕ ನಡೆಯಿತು. ಹೀಗಿರುವಾಗ ಗೆಲುವು ಎಂಬುದನ್ನು ಹೊಡೆದುಹಾಕು. ಆ ಹಂಚಿಕೆಯ ದೃಶ್ಯವನ್ನು ಮಾತ್ರ ಬಿಡಬೇಡ, ಜನ ನಗಲಿ, ನಕ್ಕು ಮುಗಿದ ಮೇಲೆ ಅವರಿಗೇ ಮುಜುಗರವಾಗಲಿ.

ತಾಲೀಮು ಮುಗಿಸಿ ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಬರುತ್ತೀಯಂತೆ. ಇಷ್ಟೆಲ್ಲ ಬರೆದ ಮೇಲೆ ಹೆಣ್ಣುಮಗಳು ಹುಷಾರಾಗಿರಬೇಕು ಎಂದರೆ ನಗುತ್ತೀಯ. ನಗು, ಆದರೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಬಾ. ಊಟ ತಪ್ಪಿಸಬೇಡ.

ಇಂದು ಬೆಳಿಗ್ಗೆ ಆ ಸಾಲುಗಳನ್ನು ಚಿಕ್ಕಮ್ಮನಿಗೆ ಓದಿದೆ, ನಿನ್ನನ್ನು ಕೇಳದೆಯೇ. ತಲೆ ನರೆತವನ ಮಾತಿಗೆ ಜೋರಾಗಿ ನಕ್ಕಳು, ಶಕುನದ ಮಾತಿಗೆ ನಗಲಿಲ್ಲ. ಬರೆದವಳು ಯಾರು ಎಂದು ಕೇಳಿದಳು. ಗಂಡಸು ಎಂದರೆ ನಂಬಲಿಲ್ಲ, ಅವನಿಗೆ ಅಕ್ಕತಂಗಿಯರಿದ್ದಿರಬೇಕು ಎಂದಳು. ಶನಿವಾರ ಬೆಳಗಿನ ಬಸ್ಸಿಗೆ ಇಬ್ಬರೂ ಹೊರಡುತ್ತೇವೆ. ಮುಂದಿನ ಸಾಲಿನಲ್ಲೇ ಜಾಗ ಬೇಕಂತೆ ಅವಳಿಗೆ.

ನಿನ್ನ
ಅಮ್ಮ