ಮಗಳಿಗೊಂದು ಪತ್ರ: ಹಾಯಿಹಡಗಿನ ಚಿತ್ರದ ವಿಚಾರ

ಬೋಳಾರ, ಮಂಗಳೂರು

ಪ್ರೀತಿಯ ಮಗಳೇ,

ಇಂಗ್ಲೆಂಡಿನಲ್ಲಿ ಹರಾಜಿಗೆ ಬಂದಿರುವ ಹಾಯಿಹಡಗಿನ ತೈಲಚಿತ್ರದ ಫೋಟೊಗಳನ್ನು ನೀನು ಕಳುಹಿಸಿದ ಮರುದಿನವೇ ಪ್ರಿಂಟ್ ಹಾಕಿಸಿ, ಭೂತಗನ್ನಡಿ ಹಿಡಿದು ನೋಡಿದೆ. ಅದು 1790ರ ಸುಮಾರಿನದೆಂದು ಕ್ಯಾಟಲಾಗಿನಲ್ಲಿ ಇದೆಯಂತೆ. ಅಷ್ಟು ಹಳೆಯದಲ್ಲವೆಂದು ನನಗನಿಸುತ್ತದೆ, ಅದಕ್ಕೆ ಸಾಕ್ಷಿ ಚಿತ್ರದೊಳಗೇ ಇದೆ.

ಹಡಗಿನ ಹಿಂಬದಿಯಲ್ಲಿ ಹಾರುವ ಕೆಂಪು ಬಾವುಟದ ಮೂಲೆಯನ್ನು ನೋಡು. ಅಲ್ಲಿನ ಬಿಳಿಯ ಓರೆಪಟ್ಟಿಗಳ ನಡುವೆ ಕೆಂಪು ಪಟ್ಟಿಯೂ ಇದೆ. ಐರ್ಲೆಂಡನ್ನು ಬ್ರಿಟನ್ನಿನೊಂದಿಗೆ ಕೂಡಿಸಿದ 1801ರಲ್ಲಿ ಅದು ಬಾವುಟಕ್ಕೆ ಸೇರಿದ್ದು. ಇನ್ನು ಮುಂದಿನ ಕಂಬದ ಹಾಯಿಗಳನ್ನು ಎಣಿಸು. ಕೆಳಗಿನ ದೊಡ್ಡ ಹಾಯಿಯ ಮೇಲೆ ಎತ್ತರವಾದ ಒಂದೇ ಹಾಯಿ ಇರಬೇಕಾದಲ್ಲಿ ಒಂದರ ಮೇಲೊಂದರಂತೆ ಗಿಡ್ಡನೆಯ ಎರಡು ಹಾಯಿಗಳಿವೆ. ಕಡಿಮೆ ಆಳುಗಳಿಂದ ಬಿರುಗಾಳಿಯಲ್ಲಿ ಹಾಯಿ ಸುತ್ತಲು ಅನುಕೂಲವಾಗಲೆಂದು ಹಾಗೆ ಒಂದನ್ನು ಎರಡು ಮಾಡುವ ಪದ್ಧತಿ ವ್ಯಾಪಾರಿ ಹಡಗುಗಳಲ್ಲಿ ಹಬ್ಬಿದ್ದು 1850ರ ದಶಕದಿಂದ ಈಚೆಗೆ. ಬಂದರಿನಿಂದ ಲಕ್ಷದ್ವೀಪಕ್ಕೆ ಮಂಜಿಯೆಂಬ ಹಾಯಿದೋಣಿಯಲ್ಲಿ ಅಕ್ಕಿ, ಹೆಂಚು ಸಾಗಿಸುತ್ತಿದ್ದ ನಿನ್ನ ಅಜ್ಜ, ನೆನೆದ ಹಾಯಿಯ ಭಾರವನ್ನು ವಿವರಿಸುವಾಗ ಹಗ್ಗ ಸವೆಸಿದ್ದ ತಮ್ಮ ಅಂಗೈಯನ್ನು ಬಿಚ್ಚಿ ತೋರಿಸುತ್ತಿದ್ದುದು ನೆನಪಿದೆಯೇ?

ಚಿತ್ರ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆ ಕಾಲದಲ್ಲಿ ಕಪ್ತಾನರೂ ಹಡಗಿನ ಧಣಿಗಳೂ ತಮ್ಮ ಹಡಗನ್ನು ಹೀಗೆ ಬರೆಸಿಕೊಳ್ಳುತ್ತಿದ್ದರು. ಹಗ್ಗವೊಂದು ತಪ್ಪಿದರೂ ಅವರ ಕಣ್ಣಿಗೆ ಬೀಳುತ್ತಿತ್ತಾದ್ದರಿಂದ ಕಲಾವಿದರು ಅಲೆಗಿಂತ ಹಗ್ಗಕ್ಕೇ ಹೆಚ್ಚು ಹೆದರಿದಂತಿದೆ. ಇಲ್ಲಿಯೂ ಅಲೆಗಳು ಹೆಂಚು ಜೋಡಿಸಿದಂತೆ ಸಾಲಾಗಿವೆ. ಆದರೆ ಬಾವುಟವೂ ಹಾಯಿಗಳೂ ಒಂದೇ ಗಾಳಿಗೆ ಒಲಿದಿವೆ, ಅದೇ ನನಗೆ ಹಿಡಿಸಿದ್ದು.

ಬೆಲೆ ಕೂಗುವ ಮೊದಲು ಚಿತ್ರದ ಹಿಂಬದಿಯ ಫೋಟೊ ಕೇಳು. ಹಳೆಯ ಕ್ಯಾನ್‌ವಾಸಿಗೆ ಇನ್ನೊಂದು ಬಟ್ಟೆ ಅಂಟಿಸಿದ್ದರೆ ಹಿಂದೆ ದುರಸ್ತಿಯಾಗಿದೆಯೆಂದು ತಿಳಿ. ನೇರಳಾತೀತ ಬೆಳಕಿನಲ್ಲಿ ನೋಡಲು ಬಿಟ್ಟರೆ, ಆಮೇಲೆ ಬಳಿದ ಬಣ್ಣ ಸಾಮಾನ್ಯವಾಗಿ ಕಪ್ಪು ಕಲೆಯಂತೆ ಎದ್ದು ಕಾಣುತ್ತದೆ. ಸಹಿಯ ಬಣ್ಣ ಬಿರುಕುಗಳೊಳಗೆ ಇಳಿದಿದ್ದರೆ ಆ ಸಹಿಯನ್ನು ನಂಬಬೇಡ. ಆಕಾಶ ಚಹಾದ ಬಣ್ಣಕ್ಕೆ ತಿರುಗಿದ್ದು ವಾರ್ನಿಷ್ ಹಳದಿಯಾದುದರಿಂದ ಇರಬಹುದು, ತಿಳಿದವರು ಅದನ್ನು ತೆಗೆಯಬಲ್ಲರು. ಹರಾಜಿನಲ್ಲಿ ನಿಂತ ಬೆಲೆಯ ಮೇಲೆ ಕೊಳ್ಳುವವರ ಕಮಿಷನ್ ಬೇರೆ ಬೀಳುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿ. ಹಿಂದೊಮ್ಮೆ ನಾನು ಹಳೆಯದೆಂದು ನಂಬಿ ತಂದ ಗೋಡೆ ಗಡಿಯಾರದೊಳಗೆ ಬ್ಯಾಟರಿ ಸಿಕ್ಕಿದ್ದನ್ನು ನಿನ್ನ ಅಮ್ಮ ಇನ್ನೂ ಮರೆತಿಲ್ಲ.

ನಮ್ಮ ಚಾವಡಿಗೆಂದು ಕೊಳ್ಳುವುದಾದರೆ ಮಾತ್ರ ಬೇಡ. ಸಂತ ಅಲೋಶಿಯಸ್ ಚಾಪೆಲ್ಲಿನಲ್ಲಿ ಇಟಲಿಯ ಮೊಸ್ಕೇನಿ 1899ರ ಹೊತ್ತಿಗೆ ಬರೆದ ಚಿತ್ರಗಳೇ ಇಲ್ಲಿನ ತೇವಕ್ಕೆ ನಲುಗಿ, ಪರಿಣತರ ಕೈಯಲ್ಲಿ ದುರಸ್ತಿಯಾಗಬೇಕಾಯಿತು. ಆಟಿ ತಿಂಗಳ ಮಳೆಯಲ್ಲಿ ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಮನೆಯಿದು. ಚಿತ್ರ ನಿನ್ನ ಬಳಿಯೇ ಇರಲಿ, ಹೀಟರಿನ ಮೇಲಿನ ಗೋಡೆಯೊಂದನ್ನು ಬಿಟ್ಟು ಎಲ್ಲಿಯಾದರೂ ತೂಗುಹಾಕು. ಹಿಂಬದಿಯ ಫೋಟೊ ಸಿಕ್ಕಿದೊಡನೆ ಕಳುಹಿಸು. ಮೊಳೆಗಳ ತುಕ್ಕು ಕಾಣುವಷ್ಟು ಹತ್ತಿರದಿಂದ ತೆಗೆಯಲು ಹೇಳು.

ನಿನ್ನ ಅಪ್ಪ