ಬಲಗಡೆಯ ಹೂ

ಪ್ರಿಯ ಗೆಳೆಯ,

ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯನ್ನು ಮತ್ತೆ ಓದಿದಾಗ ಅದರ ನಾಯಕ ಪ್ರಾಣೇಶಾಚಾರ್ಯರ ಜಾಗದಲ್ಲಿ ನನ್ನ ಸೋದರಮಾವನೇ ಕಂಡರು ಎಂದು ಬರೆದಿದ್ದೀಯ. ಮೇಲ್ನೋಟಕ್ಕೆ ಹೌದು. ಅದೇ ಮಲೆನಾಡು, ಅದೇ ಮಡಿ, ಹಾಸಿಗೆ ಹಿಡಿದ ಹೆಂಡತಿಗೆ ವರ್ಷಗಟ್ಟಲೆ ಮಾಡಿದ ಅದೇ ಆರೈಕೆ. (ನನಗಾದರೋ 1970ರ ಚಿತ್ರ ನೋಡಿದ ಮೇಲೆ ಆಚಾರ್ಯರೆಂದರೆ ಗಿರೀಶ ಕಾರ್ನಾಡರ ಮುಖವೇ.) ಆದರೂ ಈ ಹೋಲಿಕೆಯನ್ನು ಒಪ್ಪಲಾರೆ.

ಮಾರುತಿ ಗುಡಿಯ ಭಾಗ ನೆನಪಿಸಿಕೋ. ಪ್ಲೇಗಿನಿಂದ ಸತ್ತ, ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪನ ಹೆಣ, ಸಂಸ್ಕಾರ ಯಾರು ಮಾಡಬೇಕೆಂದು ತೀರ್ಮಾನವಾಗದೆ ಅಗ್ರಹಾರದಲ್ಲಿ ಕೊಳೆಯುತ್ತಿದೆ. ಗ್ರಂಥಗಳಲ್ಲಿ ದಾರಿ ಕಾಣದೆ ಆಚಾರ್ಯರು ದೇವರ ಮುಂದೆ ಪ್ರಸಾದ ಬೇಡುತ್ತಾ, ಎಂದರೆ ವಿಗ್ರಹದ ಮೇಲಿನ ಹೂ ಬಲಗಡೆ ಬಿದ್ದರೆ ಒಪ್ಪಿಗೆ, ಎಡಗಡೆ ಬಿದ್ದರೆ ಇಲ್ಲ ಎಂದು ಕಾಯುತ್ತಾ ಕೂರುತ್ತಾರೆ. ಹೊತ್ತು ಮುಳುಗಿದರೂ ಹೂ ಬೀಳುವುದಿಲ್ಲ. ಹಾಗೆ ಬರಿಗೈಯಲ್ಲಿ ಎದ್ದು ಬರುವಾಗಲೇ ಕತ್ತಲಲ್ಲಿ ನಾರಣಪ್ಪ ಇಟ್ಟುಕೊಂಡಿದ್ದ ಚಂದ್ರಿ ಎದುರಾಗುವುದು.

ಮಾವ ಗುಡಿಯ ಒಳಗಿನವರು, ಅರ್ಚಕರು. ದೇವರಿಗೆ ಹೂವೇರಿಸುವವರೇ ಅವರು. ಗಂಧ ಎಷ್ಟು ತೆಳ್ಳಗೆ ತೇಯ್ದರೆ ಹೂ ಎಷ್ಟು ಹೊತ್ತು ಹಿಡಿದುಕೊಳ್ಳುತ್ತದೆ, ದೀಪದ ಶಾಖ ತಾಗಿ ಯಾವ ಕಡೆಯದು ಮೊದಲು ಒಣಗುತ್ತದೆ, ಎಲ್ಲ ಗೊತ್ತಿತ್ತು. ಮದುವೆ, ಮೊಕದ್ದಮೆ, ಕಳೆದುಹೋದ ದನ ಎಂದು ಪ್ರಸಾದ ಕೇಳಲು ಬರುವವರಿಗೆ ಅವರು ಮೋಸ ಮಾಡಿದವರಲ್ಲ. ಇಟ್ಟು ಹಿಂದೆ ಸರಿದು ಕೈಮುಗಿದು ನಿಲ್ಲುತ್ತಿದ್ದರು. ತಮಗಾಗಿ ಕೇಳಿದ್ದು ಒಮ್ಮೆ ಮಾತ್ರ, ಅತ್ತೆಯ ಕಾಯಿಲೆ ಉಲ್ಬಣಿಸಿದಾಗ. ಬಲಗಡೆ ಪ್ರಸಾದವಾಯಿತು. ಕೆಂಪು ದಾಸವಾಳವಂತೆ, ತಡವೂ ಆಗದೆ ಬಿತ್ತಂತೆ. ಆ ತಿಂಗಳು ಮುಗಿಯುವುದರೊಳಗೆ ಅತ್ತೆ ಹೋದರು.

ನನ್ನ ತಕರಾರು ಇಲ್ಲಿಯೇ. ಆಚಾರ್ಯರ ಪಾಲಿಗೆ ದೇವರು ಬಾಯಿ ಬಿಡಲಿಲ್ಲ. ಅದಕ್ಕೆ ನೂರು ಅರ್ಥ ಹಚ್ಚಬಹುದು. ಮಾವನಿಗೆ ಉತ್ತರ ಸಿಕ್ಕಿತು, ಸುಳ್ಳೂ ಆಯಿತು. ಯಾವುದು ಹೆಚ್ಚು ಕಷ್ಟ ಹೇಳು! ಆಚಾರ್ಯರು ಹೆಂಡತಿಯನ್ನು ದಹನ ಮಾಡಿ ಊರು ಬಿಟ್ಟು ನಡೆದರು, ದಾರಿಯಲ್ಲಿ ಜೊತೆಯಾದ ಪುಟ್ಟನ ಜೊತೆ ಮೇಳಿಗೆಯ ಜಾತ್ರೆ ಸುತ್ತಿದರು, ಸೂತಕದಲ್ಲೇ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕುಳಿತರು. ಮಾವ ಸೂತಕದ ಒಂದು ದಿನವನ್ನೂ ಕಡಿಮೆ ಮಾಡಲಿಲ್ಲ. ವೈಕುಂಠ ಸಮಾರಾಧನೆ ಮುಗಿಸಿ, ಮರುದಿನ ಬೆಳಿಗ್ಗೆ ಗುಡಿಯ ಬೀಗದ ಕೈ ಹಿಡಿದು ಹೊರಟರು. ನಂಬಿಕೆ ಉಳಿದಿತ್ತೇ ಎಂದು ನಾನು ನೇರವಾಗಿ ಕೇಳಿದ್ದೇನೆ. “ಅಭಿಷೇಕಕ್ಕೆ ನೀರು ಸೇದಬೇಕಲ್ಲ” ಎಂದರು. ತಪ್ಪಿಸಿಕೊಳ್ಳುವ ಮಾತು ಎಂದು ನೀನು ಹೇಳಬಹುದು. ನಾನು ಹಾಗೆ ತಿಳಿದಿಲ್ಲ. ಆಮೇಲೆ ಕಾಯಿಲೆಯ ವಿಷಯಕ್ಕೆ ಪ್ರಸಾದ ಕೇಳಲು ಬಂದವರಿಗೆಲ್ಲ, “ಮೊದಲು ಆಸ್ಪತ್ರೆಗೆ ಹೋಗಿ ಬಾ, ಹೂ ಆಮೇಲೆ ಕೇಳುವ” ಎನ್ನತೊಡಗಿದರು. ಆಡಳಿತ ಮಂಡಳಿಯವರಿಗೆ ಇದು ಸೇರಲಿಲ್ಲ, ಗೊಣಗಿದರು. ಮಾವ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೋದ ವರ್ಷ ಕಾದಂಬರಿಯನ್ನು ಅವರ ಕೈಗೇ ಕೊಟ್ಟೆ. ಓದಿ ಮುಗಿಸಿದರು. ಚಂದ್ರಿಯ ವಿಷಯಕ್ಕೆ ಸಿಡುಕುತ್ತಾರೆ ಎಂದುಕೊಂಡಿದ್ದೆ. “ಪಾಪ, ನಾರಣಪ್ಪನ ದಹನಕ್ಕೆಂದು ಒಡವೆಯೆಲ್ಲ ಬಿಚ್ಚಿ ಕೊಟ್ಟವಳು ಅವಳೊಬ್ಬಳೇ” ಎಂದರು. ಮಾರುತಿ ಗುಡಿಯ ಬಗ್ಗೆ ಮಾತ್ರ ಅಸಮಾಧಾನವಿತ್ತು. “ಒದ್ದೆ ಹೂ ಇಟ್ಟಿರಬೇಕು. ಆಚಾರ್ಯರಿಗೆ ಪೂಜೆ ಮಾಡಿ ಅಭ್ಯಾಸವಿದೆ, ಪ್ರಸಾದ ಕೇಳಿಸಿ ಅಭ್ಯಾಸವಿಲ್ಲ.”

ಇಷ್ಟು ಹೇಳಿಯೂ ನೀನು ಹಟ ಬಿಡದಿದ್ದರೆ ದೀಪಾವಳಿಗೆ ಬಾ, ಅವರೊಂದಿಗೇ ವಾದ ಮಾಡು. ಅಡಿಕೆ ಕೊಯ್ಲು ಶುರುವಾಗುವ ಮುಂಚೆ ಬಂದರೆ ಅವರಿಗೂ ಪುರುಸೊತ್ತಿರುತ್ತದೆ.

ನಿನ್ನ ಗೆಳೆಯ